ದಿನವೂ ‘ಮೂರು’ ಎಂದವನು

"ಏಳಬೇಡಿ... ಹಾಗೇ ಇರಿ!"

ತೇಜಶ್ರೀ ಕೂಗುವಷ್ಟರಲ್ಲಿ ಕಾಲ ಮಿಂಚಿತ್ತು.

ನೆಲದ ಮೇಲೆ ಚಾಪೆ ಹಾಸಿ, ಎರಡೂ ಕಾಲುಗಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟುಕೊಂಡು ಮಲಗಿದ್ದ ಆ ಮನುಷ್ಯ, "ಇವರು ಕ್ಯಾಪ್ಟನ್ ತೇಜಶ್ರೀ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಿಮ್ಮಿ ಎದ್ದು ನಿಂತುಬಿಟ್ಟಿದ್ದ. ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಗಲ್ಲ ಮೇಲೆ ಮಾಡಿ... ಥೇಟ್ ಪರೇಡ್ ಮೈದಾನದಲ್ಲಿ ನಿಂತ ಹಾಗೆ!

"ಜೈ ಹಿಂದ್, ಮೇಡಂ!"

ಅಷ್ಟೇ. ಆಮೇಲೆ ಅವನಿಗೆ ಅಲ್ಲಾಡಲು ಆಗಲಿಲ್ಲ.

ಹಣೆಯ ಮೇಲೆ ಬೆವರು ಮೂಡಿತು. ತುಟಿ ಬಿಳಿಚಿತು. ಬೆನ್ನು ಬೀಗ ಹಾಕಿಕೊಂಡ ಹಾಗೆ ಕಚ್ಚಿಕೊಂಡಿತ್ತು. ಆದರೂ ಎರಡೂ ಕೈಗಳು ಪ್ಯಾಂಟಿನ ಹೊಲಿಗೆಗೆ ನೇರವಾಗಿ ಅಂಟಿಕೊಂಡೇ ಇದ್ದವು.

ತೇಜಶ್ರೀ ಯೋಚಿಸಲಿಲ್ಲ. ಹತ್ತು ವರ್ಷ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದವಳು. ಮುಂದೆ ಬಂದು ತನ್ನ ಬಲ ಭುಜವನ್ನು ಅವನ ತೋಳಿನ ಕೆಳಗೆ ಕೊಟ್ಟಳು.

"ಬಾಯಿಂದ ಉಸಿರು ಬಿಡಿ. ಮೊಣಕಾಲು ಸಡಿಲ ಮಾಡಿ. ಭಾರ ನನ್ನ ಮೇಲೆ ಹಾಕಿ."

"ಇಲ್ರಿ ಮೇಡಂ... ನಂಗೇನೂ ಆಗಿಲ್ರಿ..."

"ಒಂದಿಂಚು ಬಗ್ಗೋಕಾಗ್ತಿಲ್ಲ, ಏನೂ ಆಗಿಲ್ವಂತೆ! ಹಾಕಿ ಅಂದ್ನಲ್ಲಾ!"

ಸುತ್ತ ಕೂತಿದ್ದವರು, ಮಲಗಿದ್ದವರು ಎಲ್ಲ ಗೊಳ್ಳೆಂದು ನಕ್ಕರು. ಅವನೂ ನಗಲು ಹೋಗಿ, ನೋವಿಗೆ ಮುಖ ಕಿವುಚಿದ. ಇಬ್ಬರೂ ಇಷ್ಟಿಷ್ಟೇ ಬಗ್ಗುತ್ತಾ ನೆಲ ಮುಟ್ಟುವ ಹೊತ್ತಿಗೆ ಅವನ ಮುಖ ಅವಳ ಮುಖಕ್ಕೆ ತೀರಾ ಹತ್ತಿರವಿತ್ತು. ನೋವಿನ ಮುಲಾಮಿನ ವಾಸನೆ... ಅದರ ನಡುವೆ ಎರಡು ನಾಚಿದ ಕಣ್ಣುಗಳು.

"ತಪ್ಪಾತ್ರಿ," ಎಂದ ಮೆಲ್ಲಗೆ. "‘ಕ್ಯಾಪ್ಟನ್’ ಅಂತ ಕೇಳಿದ ಕೂಡಲೇ ಕಾಲು ತಾವ ಎದ್ದು ನಿಂತ್ವು. ತಲಿ ಆಮ್ಯಾಲ ಎಚ್ಚರಾತು."

ತೇಜಶ್ರೀಗೆ ಎಷ್ಟೋ ತಿಂಗಳ ಮೇಲೆ ನಗು ಬಂತು.

ಅದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಹಬೀಬ್ ಅವರ ಯೂನಿಫಾರಂ ಅಂಗಡಿಯ ಗೋದಾಮು. ಗೋಡೆಯುದ್ದಕ್ಕೂ ಖಾಕಿ, ಬಿಳಿ, ನೀಲಿ ಬಟ್ಟೆಯ ಥಾನುಗಳು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಮಾಜಿ ಸೈನಿಕರು ಸೇರುತ್ತಿದ್ದರು. ಎಲ್ಲರೂ ವಾಸಿಯಾಗದ ನೋವನ್ನು ಮೈಯಲ್ಲಿ ಇಟ್ಟುಕೊಂಡು ಬಂದವರು. ಡಾಕ್ಟರು ಯಾರೂ ಇರುತ್ತಿರಲಿಲ್ಲ. ನೋವಿರುವವರೇ ನೋವಿರುವವರ ಜೊತೆ ಕೂತು ಮಾತಾಡುವುದು, ಅಷ್ಟೇ.

ನಿವೃತ್ತ ಸುಬೇದಾರ್ ಹಬೀಬ್ ಅವರದ್ದೇ ಈ ಏರ್ಪಾಡು. ಅವರಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

"ಕಾಲೇ ಇಲ್ಲ ನೋಡಮ್ಮಾ, ಆದ್ರೂ ಇಲ್ದಿರೋ ಹೆಬ್ಬೆರಳು ಕಚ್ತದೆ! ಯಾವ ಡಾಕ್ಟ್ರಿಗೆ ತೋರ್ಸೋದು ಅದನ್ನ?" ಎಂದು ನಗುತ್ತಿದ್ದರು. ಆಮೇಲೆ ಚಾಪೆಯ ಕಡೆ ತಿರುಗಿ ಗದರಿದರು. "ವಿರೂಪಾಕ್ಷ! ಎಷ್ಟು ಸಲ ಹೇಳೋದು ನಿಂಗೆ? ಇಲ್ಲಿ ಯಾರಿಗೂ ಯಾರೂ ಎದ್ದು ನಿಲ್ಲಂಗಿಲ್ಲ. ಜನರಲ್ ಬಂದ್ರೂ ಮಲ್ಕೊಂಡೇ ಸಲಾಂ!"

ವಿರೂಪಾಕ್ಷ ಬೈಲಹೊಂಗಲದವನು. ಸೇತುವೆ ಕಟ್ಟುವ ದಳದಲ್ಲಿ ಹವಾಲ್ದಾರನಾಗಿದ್ದ. ಕಬ್ಬಿಣದ ತೊಲೆಯೊಂದು ಜಾರಿ ಬೆನ್ನಿನ ಮೇಲೆ ಬಿದ್ದು ಐದು ವರ್ಷವಾಗಿತ್ತು. ಗೊತ್ತಾಗಿದ್ದ ಮದುವೆ ಅದೇ ವರ್ಷ ಮುರಿದುಹೋಗಿತ್ತು. ಈಗ ಇಂದಿರಾನಗರದ ಒಂದು ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್.

ತೇಜಶ್ರೀಯ ನೋವು ಎಡಗೈಯಲ್ಲಿ. ಗುಡ್ಡದ ರಸ್ತೆಯಲ್ಲಿ ಆಂಬುಲೆನ್ಸ್ ಮಗುಚಿದಾಗ ಮುರಿದ ಮೂಳೆ ಎಂದೋ ಕೂಡಿಕೊಂಡಿತ್ತು. ಆದರೆ ನರಗಳಿಗೆ ಆ ಸುದ್ದಿ ತಲುಪಿರಲಿಲ್ಲ. ಸೆರಗು ತಾಗಿದರೂ ಬೆಂಕಿ. ಫ್ಯಾನಿನ ಗಾಳಿಗೂ ಬೆಂಕಿ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. "ಇದೆಲ್ಲಾ ನಿನ್ನ ಮನಸ್ಸಲ್ಲಿದೆ ತೇಜೂ" ಎಂದು ಹೇಳಿ, ಅವಳನ್ನು ಮದುವೆಯಾಗಬೇಕಿದ್ದ ಡಾಕ್ಟರ್ ದೂರವಾಗಿದ್ದ.

ಮೂವತ್ತನಾಲ್ಕು ವರ್ಷದ ಹೆಣ್ಣು. ಯಾರೂ ಮುಟ್ಟಲಾಗದ ಒಂದು ಕೈ.

"ಇಲ್ಲಿ ಎಲ್ರಿಗೂ ಒಂದು ಜೋಡಿ ಇರ್ತದೆ," ಹಬೀಬ್ ವಿವರಿಸಿದರು. "ದಿನಾ ಬೆಳಿಗ್ಗೆ ಆರೂವರೆಗೆ ಫೋನ್ ಮಾಡ್ಬೇಕು. ಹತ್ತರಲ್ಲಿ ಎಷ್ಟು ನೋವು, ಆ ನಂಬರ್ ಹೇಳ್ಬೇಕು. ಕೇಳಿದವರು ‘ಪಾಪ’ ಅನ್ನಂಗಿಲ್ಲ, ‘ಆ ಎಣ್ಣೆ ಹಚ್ಚಿ, ಈ ಕಷಾಯ ಕುಡೀರಿ’ ಅನ್ನಂಗಿಲ್ಲ. ‘ಕೇಳಿಸ್ತು’ ಅನ್ನೋದು. ಅಷ್ಟೇ."

"ಅಷ್ಟೇನಾ? ಅದ್ರಿಂದ ಏನಾಗುತ್ತೆ ಸುಬೇದಾರ್ ಸಾಬ್?"

"ನಿಮ್ಮ ನೋವನ್ನ ನಂಬೋರು ಒಬ್ರು ಸಿಗ್ತಾರೆ ಬೇಟಿ. ನಿಮ್ಗೆ ಎಷ್ಟು ಜನ ಸಿಕ್ಕಿದ್ದಾರೆ ಇಲ್ಲೀವರ್ಗೂ?"

ತೇಜಶ್ರೀ ತಲೆ ತಗ್ಗಿಸಿದಳು.

"ನಿಮ್ಮ ಜೋಡಿ... ವಿರೂಪಾಕ್ಷ. ಮೊದಲ್ನೇ ದಿನಾನೇ ಅವನನ್ನ ನೆಲಕ್ಕೆ ಇಳಿಸಿದ್ದೀರಲ್ಲ!"

ಮತ್ತೆ ನಗು. ಚಾಪೆಯ ಮೇಲಿಂದ ಅವನು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಸೂರಿನ ಕಡೆ ಕಣ್ಣು ತಿರುಗಿಸಿದ.

ಮಾರನೆಯ ದಿನ ಲಿಂಗರಾಜಪುರದ ಮನೆಯಲ್ಲಿ, ಸರಿಯಾಗಿ ಆರೂವರೆಗೆ ಫೋನು ಬಡಿದುಕೊಂಡಿತು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ.

"ನಮಸ್ಕಾರ್ರೀ ಮೇಡಂ. ಮೂರು."

"ಕೇಳಿಸ್ತು. ನಂದು... ಏಳು."

ಆ ಕಡೆಯಿಂದ ತುಂಬಾ ಮೆತ್ತಗೆ,

"ಕೇಳಿಸ್ತ್ರಿ."

ಫೋನಿಟ್ಟ ಮೇಲೆ ತೇಜಶ್ರೀ ಹಾಸಿಗೆಯ ಮೇಲೆ ಹಾಗೇ ಕೂತಳು. ಕಣ್ಣು ಯಾಕೆ ತುಂಬಿತು? ಏನು ಹೇಳಿದನೆಂದು? ಒಂದೇ ಒಂದು ಮಾತು! ಆದರೆ ‘ನಿಜವಾಗ್ಲೂ ಏಳಾ?’ ಎಂದು ಅವನು ಕೇಳಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಮಾತನ್ನು ತೂಕ ಹಾಕದೆ ತೆಗೆದುಕೊಂಡಿದ್ದರು.

ದಿನಗಳು ಉರುಳಿದವು.

ಎರಡು ಮಾತಿನ ಕರೆ ಐದು ನಿಮಿಷವಾಯಿತು. ಐದು, ಹದಿನೈದಾಯಿತು. ಅವನ ಕಡೆಯಿಂದ ಕೆ.ಆರ್. ಪುರದ ರೈಲುಗಳ ಸದ್ದು. ಅವಳ ಕಡೆಯಿಂದ ಕುಕ್ಕರಿನ ಸೀಟಿ.

"ಇವತ್ತು ನಿಮ್ಮ ಮನ್ಯಾಗ ಏನ್ರಿ? ಕುಕ್ಕರ್ ಐದು ಸಲ ಕೂಗ್ತು?"

"ಕಡಲೆಕಾಳು. ನೀವು ಸೀಟಿ ಎಣಿಸ್ತೀರಾ?"

"ಮತ್ತೇನ್ ಮಾಡ್ಲಿ? ನೀವು ಮಾತಾಡೋದು ನಿಲ್ಲಿಸಿದಾಗೆಲ್ಲಾ ಅದಾ ಮಾತಾಡ್ತೈತಿ."

ಅಮ್ಮ ಶಾಂತಕುಮಾರಿ ಅಡುಗೆಮನೆಯಿಂದಲೇ ಕೇಳುತ್ತಿದ್ದರು. "ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಏಳು, ಆರು, ಎಂಟು ಅಂತ ಮಗ್ಗಿ ಒಪ್ಪಿಸ್ತಿರ್ತೀಯಾ? ಯಾರು ಮೇಷ್ಟ್ರು?"

"ಅಮ್ಮಾ! ಸುಮ್ನಿರು!"

"ನಾನು ಸುಮ್ನೇ ಇದ್ದೀನಪ್ಪಾ. ಹಾಲು ಉಕ್ಕಿ ಹೋಗ್ತಿದೆ, ಅದನ್ನಾದ್ರೂ ನೋಡು."

ಒಂದು ಭಾನುವಾರ ಸಭೆ ಮುಗಿಸಿ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಹಬ್ಬದ ಹಿಂದಿನ ದಿನ. ಹೂವು, ಬಟ್ಟೆ, ತಳ್ಳುಗಾಡಿ, ಜನ... ಕಾಲಿಡಲು ಜಾಗವಿರಲಿಲ್ಲ. ಇಂಥ ಜಂಗುಳಿ ಎಂದರೆ ತೇಜಶ್ರೀಗೆ ಪ್ರಾಣವೇ ಬಾಯಿಗೆ ಬರುತ್ತಿತ್ತು. ಒಬ್ಬರ ಚೀಲ ತಾಗಿದರೂ ಸಾಕು.

ಆದರೆ ಅಂದು ಏನೂ ತಾಗಲಿಲ್ಲ.

ನಿಲ್ದಾಣ ತಲುಪಿದ ಮೇಲೆ ಅವಳಿಗೆ ಹೊಳೆಯಿತು. ದಾರಿಯುದ್ದಕ್ಕೂ ವಿರೂಪಾಕ್ಷ ಅವಳ ಎಡಗಡೆಯೇ ನಡೆದಿದ್ದ. ತನ್ನ ಮತ್ತು ಅವಳ ಕೈಯ ನಡುವೆ ಒಂದು ಗೇಣು ಜಾಗ ಬಿಟ್ಟು, ಬರುವವರ ಭುಜ, ಬುಟ್ಟಿ, ಚೀಲಗಳನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಂಡಿದ್ದ. ಒಂದು ಮಾತೂ ಆಡದೆ!

"ನಿಮ್ಮ ಬೆನ್ನು..." ಅವಳು ಅವನ ಕಡೆ ತಿರುಗಿದಳು.

"ಮೂರರಾಗ ಐತ್ರಿ ಮೇಡಂ. ಬಸ್ ಬಂತು, ನೋಡ್ಕೊಂಡು ಹತ್ತ್ರಿ."

ಬಸ್ಸಿನ ಕಿಟಕಿಯಿಂದ ಅವಳು ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ. ಬಸ್ಸು ತಿರುವು ದಾಟುವವರೆಗೂ ನಿಂತೇ ಇದ್ದ.

*ಆ ಒಂದು ಗೇಣು ಜಾಗ ಇದೆಯಲ್ಲಾ... ಅದೇ ನನಗೆ ಬೇಡವಾಗಿದೆ* ಎಂದುಕೊಂಡಳು. ಮುಟ್ಟಿದರೆ ಸುಡುವ ಕೈಗೆ ಮುಟ್ಟಿಸಿಕೊಳ್ಳುವ ಆಸೆ! ಯಾರಿಗೆ ಹೇಳುವುದು ಇದನ್ನು?

ಜೊತೆಗೆ ಇನ್ನೊಂದು ಅಳುಕೂ ಬೆಳೆಯುತ್ತಿತ್ತು. ಅವನದು ದಿನವೂ ಮೂರು. ಮಳೆ ಬಂದರೂ ಮೂರು, ಬ್ಯಾಂಕಿನಲ್ಲಿ ಎಂಟು ಗಂಟೆ ನಿಂತು ಬಂದರೂ ಮೂರು. ತನ್ನದು ಮಾತ್ರ ಏಳು, ಎಂಟು, ಏಳು... *ಇಷ್ಟು ಗಟ್ಟಿ ಮನುಷ್ಯನಿಗೆ ದಿನಾ ಬೆಳಿಗ್ಗೆ ನನ್ನ ಗೋಳು. ಬೇಸರ ಬರಲ್ವಾ ಅವನಿಗೆ?*

ಮುಂದಿನ ಭಾನುವಾರ ಅವನು ಬರಲಿಲ್ಲ.

"ಮದುವಿಗೆ ಹೋಗ್ಬೇಕಾಗೇತ್ರಿ" ಎಂದಿದ್ದ ಬೆಳಿಗ್ಗೆ ಫೋನಿನಲ್ಲಿ. ನಂತರ, ಎಂದಿನಂತೆ, "ಮೂರು."

ಹಬೀಬ್ ಅವರ ಹೆಂಡತಿ ತಾಹೇರಾ ಎಲ್ಲರಿಗೂ ಚಹಾ ಕೊಡುತ್ತಾ ಬಂದರು. ಗೋದಾಮಿನ ಮೂಲೆಯಲ್ಲಿ ಒಂದು ಟಿಫಿನ್ ಡಬ್ಬಿ ಕಟ್ಟಿಟ್ಟದ್ದನ್ನು ನೋಡಿ ತೇಜಶ್ರೀ ಕೇಳಿದಳು.

"ಯಾರಿಗೆ ಆಂಟಿ ಇದು?"

"ಅಯ್ಯೋ, ವಿರೂಪಾಕ್ಷಂಗೆ ಅಮ್ಮಾ. ಆರು ದಿನ ಆಯ್ತಲ್ಲ, ಹಾಸಿಗೆ ಬಿಟ್ಟು ಎದ್ದಿಲ್ಲ ಅವ್ನು. ಬ್ಯಾಂಕಲ್ಲಿ ನಿಂತಲ್ಲೇ ಬಿದ್ನಂತೆ, ರಜಾ ಕೊಟ್ಟು ಕಳ್ಸಿದ್ದಾರೆ. ಪಾಪ, ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾನೆ. ಇವ್ರೇ ದಿನಾ ಊಟ ತಲುಪಿಸ್ತಿದ್ದಾರೆ. ನಿಮ್ಗೆ ಹೇಳಿಲ್ವಾ?"

ತೇಜಶ್ರೀ ಚಹಾದ ಲೋಟವನ್ನು ಕೆಳಗಿಟ್ಟಳು.

ಆರು ದಿನ! ಆರು ಬೆಳಿಗ್ಗೆ ಅವನು ಫೋನು ಮಾಡಿದ್ದ. ಆರು ಸಲ ‘ಮೂರು’ ಎಂದಿದ್ದ. ಕಡಲೆಕಾಳಿನ ಬಗ್ಗೆ ತಮಾಷೆ ಮಾಡಿದ್ದ. ಅವಳ ಏಳನ್ನು ಕೇಳಿಸಿಕೊಂಡಿದ್ದ, ಎಂಟನ್ನು ಕೇಳಿಸಿಕೊಂಡಿದ್ದ...

*ಸುಬೇದಾರ್ ಸಾಬ್ ಅವರಿಗೆ ಹೇಳಬಹುದು. ತಾಹೇರಾ ಆಂಟಿಗೆ ಗೊತ್ತಿರಬಹುದು. ನನಗೆ ಮಾತ್ರ ಹೇಳಬಾರದು. ನಾನೇನು ಅವನಿಗೆ? ಅವನು ದಿನಾ ಸಮಾಧಾನ ಮಾಡೋ ಒಬ್ಬ ರೋಗಿ... ಅಷ್ಟೇನಾ?*

ಅವಳ ನೋವನ್ನು ನಂಬಿದವನು, ತನ್ನ ನೋವನ್ನು ಅವಳ ಕೈಗೆ ಕೊಡಲು ಮಾತ್ರ ಅವಳನ್ನು ನಂಬಿರಲಿಲ್ಲ.

ಮಾರನೆಯ ಬೆಳಿಗ್ಗೆ ಆರೂವರೆ.

"ನಮಸ್ಕಾರ್ರೀ ಮೇಡಂ. ಮೂರು."

"ಕೇಳಿಸ್ತು." ತೇಜಶ್ರೀ ಕಣ್ಣು ಮುಚ್ಚಿಕೊಂಡಳು. ಕೈ ಕೆಂಡವಾಗಿತ್ತು. "ನಂದೂ ಮೂರು."

ಆ ಕಡೆ ರೈಲೊಂದು ಪೂರ್ತಿ ದಾಟಿಹೋಯಿತು.

"ಯಾಕೆ ಹವಾಲ್ದಾರ್ ಸಾಬ್? ಕೇಳಿಸ್ಲಿಲ್ವಾ? ಮೂರು! ನಿಮ್ಗೆ ಬೆನ್ನು ಮುರ್ಕೊಂಡು ಮಲಗಿದ್ರೂ ಮೂರು ಇರ್ಬಹುದಾದ್ರೆ, ನಂಗೂ ಇರ್ಬಹುದಲ್ವಾ?"

"ಮೇಡಂ... ಹಂಗಲ್ರಿ..."

"ಮದುವೆ ಊಟ ಹೇಗಿತ್ತು?"

ಅವಳು ಉತ್ತರಕ್ಕೆ ಕಾಯದೆ ಫೋನು ಇಟ್ಟಳು. ಆಮೇಲೆ ದಿಂಬಿಗೆ ಮುಖ ಒತ್ತಿ, ಅಮ್ಮನಿಗೆ ಕೇಳದ ಹಾಗೆ ಅತ್ತಳು.

ಅಂದು ಸಂಜೆಯೇ ಹಬೀಬ್ ಅವರ ಅಂಗಡಿಗೆ ಹೋದಳು.

"ನನ್ನ ಜೋಡಿ ಬದಲಾಯಿಸಿ ಸುಬೇದಾರ್ ಸಾಬ್."

ಹಬೀಬ್ ಕತ್ತರಿ ಕೆಳಗಿಟ್ಟರು. ಕನ್ನಡಕ ತೆಗೆದರು. ಅವಸರವಿಲ್ಲದ ಮನುಷ್ಯ.

"ಬದಲಾಯಿಸ್ತೀನಿ. ಮುನಿಆಂಜನಪ್ಪ ಖಾಲಿ ಇದ್ದಾರೆ. ಆದ್ರೆ ಒಂದು ಮಾತು ಕೇಳ್ಲಾ ಬೇಟಿ? ನೀವು ವಾರ್ಡಲ್ಲಿ ಇದ್ರಲ್ಲ, ರೌಂಡ್ಸಿಗೆ ಹೋದಾಗ ಸಿಪಾಯಿಗಳನ್ನ ಹೇಗಿದ್ದೀಯಾ ಅಂತ ಕೇಳ್ತಿದ್ರಲ್ಲ... ಏನು ಹೇಳ್ತಿದ್ರು ಅವ್ರು?"

"ಸಬ್ ಠೀಕ್ ಹೈ ಮೇಡಂ ಅಂತ," ಅವಳು ತಟ್ಟನೆ ಹೇಳಿದಳು.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು.

"ಇಪ್ಪತ್ತೆಂಟು ವರ್ಷ ಮಾಡಿದ್ದೀನಿ ನೌಕ್ರಿ," ಹಬೀಬ್ ಹೇಳಿದರು. "ನೋವು ಅಂತ ಹೇಳಿದವ್ನು ಕೆಲ್ಸ ತಪ್ಪಿಸ್ತಾನೆ ಅನ್ನಿಸ್ಕೊಂತಿದ್ದ. ಅಧಿಕಾರಿ ಎದುರು ಬಾಯಿ ತೆಗೆದ್ರೆ ಠೀಕ್ ಅನ್ನೋದೇ ಬರೋದು. ಅವ್ನು ಮೊದಲ್ನೇ ದಿನ ಎದ್ದು ನಿಂತ್ನಲ್ಲ, ಕಾಲು ಕೂತ್ಕೊಂಡಿದೆ ಈಗ. ನಾಲಿಗೆ ಇನ್ನೂ ಕೂತಿಲ್ಲ. ತಪ್ಪು ನಂದು. ಕ್ಯಾಪ್ಟನ್ನಿಗೂ ಹವಾಲ್ದಾರನಿಗೂ ಜೋಡಿ ಹಾಕ್ಬಾರದಿತ್ತು."

ಆಟೋದಲ್ಲಿ ಮನೆಗೆ ಬರುವಾಗ ತೇಜಶ್ರೀಗೆ ಒಂದು ಮುಖ ನೆನಪಾಯಿತು. ಎಷ್ಟೋ ವರ್ಷದ ಹಿಂದೆ, ದೂರದ ಊರಿನ ವಾರ್ಡಿನಲ್ಲಿ ಮಲಗಿದ್ದ ಒಬ್ಬ ಸಿಪಾಯಿ. ಎಷ್ಟು ನೋವು ಎಂದು ಕೇಳಿದಾಗ ಅವನು ನಗುತ್ತಲೇ "ಎಂಟು, ಮೇಡಂ" ಎಂದಿದ್ದ. ನಗುವವನಿಗೆ ಎಂಟು ಹೇಗಿರುತ್ತದೆ? ಅವಳು ಚಾರ್ಟಿನಲ್ಲಿ ನಾಲ್ಕು ಎಂದು ಬರೆದಿದ್ದಳು. ಮಾರನೆಯ ದಿನ ಕೇಳಿದಾಗ ಆ ಸಿಪಾಯಿ "ಠೀಕ್ ಹೂಂ" ಎಂದುಬಿಟ್ಟಿದ್ದ. ಅವಳಿಗೆ ಸಮಾಧಾನವಾಗಿತ್ತು!

*ಅವರಿಗೆ ಸುಳ್ಳು ಕಲಿಸಿದವರಲ್ಲಿ ನಾನೂ ಒಬ್ಬಳಲ್ವಾ...*

ಕೋಪ ಇಳಿದುಹೋಯಿತು. ಆದರೆ ನೋವು ಉಳಿಯಿತು. ತಾನೇ ಫೋನು ಮಾಡಿದರೆ? ಮತ್ತೆ "ಮೂರು, ಮೇಡಂ" ಎನ್ನುತ್ತಾನೆ. ಅದನ್ನು ಇನ್ನೊಂದು ಸಲ ಕೇಳುವ ಶಕ್ತಿ ಅವಳಿಗಿರಲಿಲ್ಲ. ಅವನ ಮುಂದೆ ಜೀವನಪೂರ್ತಿ ಮೇಡಂ ಆಗಿ ಉಳಿಯುವುದು ಅವಳಿಗೆ ಬೇಕಾಗಿರಲಿಲ್ಲ.

ಒಂದು ಮೆಸೇಜ್ ಬರೆದಳು. ಅಳಿಸಿದಳು. ಮತ್ತೆ ಬರೆದಳು.

"ನಿಜವಾದ ನಂಬರ್ ನನಗೆ ಹೇಳಬೇಕು ಅಂತ ಯಾವತ್ತು ಅನಿಸುತ್ತೋ ಅವತ್ತು ಫೋನ್ ಮಾಡಿ. ಯಾವ ಹೊತ್ತಾದರೂ ಸರಿ. ಅಲ್ಲಿವರೆಗೂ ಬೇಡ."

ಅವನು ಓದಿದ ಗುರುತಾಗಿ ಎರಡು ನೀಲಿ ಗೆರೆ ಮೂಡಿದವು, ಅಷ್ಟೇ.

ಈಗ ಆರೂವರೆಗೆ ಮುನಿಆಂಜನಪ್ಪನವರ ಫೋನು ಬರುತ್ತಿತ್ತು. ಹೊಸಕೋಟೆ ಕಡೆಯವರು, ಎಪ್ಪತ್ತು ದಾಟಿದ ಹಿರಿಯರು.

"ನಾಲ್ಕೂವರೆ ಕಣಮ್ಮಾ. ಮಂಡಿ ನಾಲ್ಕು, ಸೊಂಟ ಅರ್ಧ. ನಮ್ಮ ಯಜಮಾನ್ತಿ ನಿನ್ನೆ ಮುದ್ದೆ ಮಾಡಿದ್ಳು ನೋಡು, ಫುಟ್ಬಾಲು! ಅದ್ನ ಸೇರಿಸಿದ್ರೆ ಐದು."

ತೇಜಶ್ರೀ ನಗುತ್ತಿದ್ದಳು. ಫೋನಿಟ್ಟ ಮೇಲೆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಕುಕ್ಕರ್ ಕೂಗಿದರೆ ಸೀಟಿ ಎಣಿಸುತ್ತಿದ್ದಳು. ಎಲ್ಲೋ ದೂರದಲ್ಲಿ ರೈಲು ಹೋದರೆ ಕೈಗಿಂತ ಹೆಚ್ಚಾಗಿ ಬೇರೇನೋ ಉರಿಯುತ್ತಿತ್ತು.

ಅತ್ತ ಕೆ.ಆರ್. ಪುರದ ಒಂದು ಕೋಣೆಯಲ್ಲಿ ವಿರೂಪಾಕ್ಷ ದಿನವೂ ಆರು ಇಪ್ಪತ್ತೈದಕ್ಕೆ ಎದ್ದು, ಫೋನು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ. ಆರೂವರೆಯಾಗುತ್ತಿತ್ತು. ಆರು ಮೂವತ್ತೈದಾಗುತ್ತಿತ್ತು. "ಎಂಟು," ಎನ್ನುತ್ತಿದ್ದ ಗೋಡೆಗೆ. ಗೋಡೆಗೆ ಹೇಳುವುದು ಸುಲಭವಿತ್ತು.

ಹೀಗೆ ಹದಿನೇಳು ದಿನ. ಭಾನುವಾರದ ಸಭೆಗೂ ಅವನು ಹೋಗಲಿಲ್ಲ.

ಹದಿನೆಂಟನೆಯ ದಿನ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ತೇಜಶ್ರೀ ಮನೆಯಲ್ಲಿ, ತಾನು ಈಗ ಪಾಠ ಹೇಳುವ ನರ್ಸಿಂಗ್ ಶಾಲೆಯ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಳು. ಫೋನು ಬಡಿದುಕೊಂಡಿತು.

ಆ ಹೆಸರು ನೋಡಿ ಪೆನ್ನು ಬದಿಗಿಟ್ಟಳು.

"ಹಲೋ?"

ಉಸಿರಿನ ಸದ್ದು. ಬಿಟ್ಟು ಬಿಟ್ಟು ಬರುವ ಉಸಿರು.

"ತೇಜಶ್ರೀ..."

ಮೇಡಂ ಇರಲಿಲ್ಲ. ನಮಸ್ಕಾರವೂ ಇರಲಿಲ್ಲ.

"ಒಂಬತ್ತು," ಎಂದ. "ಒಂಬತ್ತು ಐತಿ. ಬಕೀಟು ಎತ್ತಾಕ ಬಗ್ಗಿದೆ... ನೆಲದ ಮ್ಯಾಲ ಬಿದ್ದೀನಿ. ಒಂದು ತಾಸು ಆತು. ಏಳಾಕ ಆಗವಲ್ದು. ಹಬೀಬ್ ಸಾಹೇಬ್ರಿಗೆ ಮಾಡಬಹುದಿತ್ತು. ಆದ್ರ..." ದನಿ ಒಡೆಯಿತು. "ನೀವು ಬರ್ತೀರೇನು?"

ತೇಜಶ್ರೀ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

"ಕೇಳಿಸ್ತು ವಿರೂಪಾಕ್ಷ. ಬರ್ತಿದ್ದೀನಿ. ಕಾಲ್ಬೆರಳು ಅಲ್ಲಾಡ್ತಿವೆಯಾ?"

"ಅಲ್ಲಾಡ್ತಾವ."

"ತೊಡೆ ಒಳಗಡೆ ಜೋಮು ಹಿಡಿದಂಗಿದ್ಯಾ?"

"ಇಲ್ರಿ. ನೋವಷ್ಟ."

"ಹಾಗಾದ್ರೆ ಅಲ್ಲಾಡ್ಬೇಡಿ. ಫೋನ್ ಇಡ್ಬೇಡಿ."

ಶಾಂತಕುಮಾರಿ ಬಾಗಿಲಲ್ಲಿ ನಿಂತು ಮಗಳ ಮುಖ ನೋಡಿದರು. ನೀರಿನ ಬಾಟಲಿಯನ್ನು ಅವಳ ಬ್ಯಾಗಿಗೆ ಹಾಕಿ, "ಹೋಗಿ ಬಾ" ಎಂದರು.

ಆಟೋ ಕಸ್ತೂರಿನಗರ ದಾಟಿ, ತೂಗು ಸೇತುವೆ ಹತ್ತಿ ಇಳಿಯುವವರೆಗೂ ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ. ಅವನು ಮನೆಯ ದಾರಿ ಹೇಳುತ್ತಿದ್ದ. ಪ್ರತಿ ಹಳ್ಳಕ್ಕೂ ಎಡಗೈ ಕಿರುಚುತ್ತಿತ್ತು. ಅವಳು ಮಡಿಲಲ್ಲಿ ಅದನ್ನು ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದಳು.

ಮನೆಯ ಓನರ್ ಆಂಜನಮ್ಮ ಕೆಳಗೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಯಾರಮ್ಮಾ ಬೇಕು?"

"ವಿರೂಪಾಕ್ಷ. ಬಿದ್ಬಿಟ್ಟಿದ್ದಾರೆ."

"ಅಯ್ಯೋ ನನ್ನ ಮಗನೇ! ಬೆಳಿಗ್ಗೆ ಕೇಳಿದ್ರೆ ಚೆನ್ನಾಗಿದ್ದೀನಿ ಅಂದ್ನಲ್ಲಮ್ಮಾ!"

"ಎಲ್ರಿಗೂ ಹಂಗೇ ಹೇಳ್ತಾರೆ ಅಜ್ಜಿ."

ಕೋಣೆಯ ಬಾಗಿಲು ಮುಂದಕ್ಕೆ ಮಾಡಿತ್ತಷ್ಟೇ. ಮಗುಚಿದ ಬಕೆಟ್ಟು. ನೆಲದ ಮೇಲೆ ಒಣಗುತ್ತಿದ್ದ ನೀರು. ಅದರ ಪಕ್ಕ ಬೆನ್ನ ಮೇಲೆ ಬಿದ್ದಿದ್ದ ಅವನು. ಗಡ್ಡ ಬೆಳೆದಿತ್ತು. ಕಣ್ಣಂಚಿನಿಂದ ಕಿವಿಯವರೆಗೆ ನೀರು ಇಳಿದ ಗುರುತು.

ಅವಳನ್ನು ನೋಡಿದ ಕೂಡಲೇ ಅವನ ತಲೆ ನೆಲದಿಂದ ಮೇಲೆದ್ದಿತು. ಅರ್ಧದಲ್ಲೇ ನಿಂತಿತು. ಆಮೇಲೆ ಅವನೇ ಅದನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

ತೇಜಶ್ರೀ ಕಾಲಿನ ಬೆರಳುಗಳನ್ನು ನೋಡಿದಳು, ಮೊಣಕಾಲ ಕೆಳಗೆ ದಿಂಬು ಕೊಟ್ಟಳು, ಅವನ ಮಾತ್ರೆಯನ್ನು ಹುಡುಕಿ ನೀರಿನೊಂದಿಗೆ ಕುಡಿಸಿದಳು. ಎತ್ತುವ ಶಕ್ತಿ ಅವಳ ಒಂದು ಕೈಗಿರಲಿಲ್ಲ. ಮಾತ್ರೆ ಕೆಲಸ ಮಾಡುವವರೆಗೂ ಕಾಯಬೇಕಿತ್ತು.

ಅವಳು ಸೆರಗು ಸರಿ ಮಾಡಿಕೊಂಡು, ಅವನ ಪಕ್ಕದಲ್ಲಿ ತಣ್ಣನೆಯ ನೆಲದ ಮೇಲೆ ತಾನೂ ಮಲಗಿದಳು.

"ಏನ್ ಮಾಡ್ಲಿಕತ್ತೀರಿ?!"

"ಮಲಗಿದ್ದೀನಿ. ಕಾಣ್ಸಲ್ವಾ?"

ಇಬ್ಬರೂ ಸೂರು ನೋಡುತ್ತಾ ಮಲಗಿದರು. ಒಂದು ರೈಲು ಹೋಯಿತು. ಇಷ್ಟು ದಿನ ಫೋನಿನಲ್ಲಿ ಕೇಳಿದ್ದ ಸದ್ದು ಈಗ ನೆಲದೊಳಗಿಂದ ಬೆನ್ನಿಗೆ ತಾಗಿತು.

"ಯಾಕೆ ಹೇಳ್ಲಿಲ್ಲ ವಿರೂಪಾಕ್ಷ? ನಾನು ಆಫೀಸರ್ ಆಗಿದ್ದೆ ಅಂತಾನಾ?"

"ಮೊದಲ ಹಂಗಾ ಇತ್ರಿ. ಬಾಯಿಗೆ ಅದಾ ರೂಢಿ." ಅವನು ಉಸಿರು ಎಳೆದುಕೊಂಡ. "ಆಮ್ಯಾಲ ಬ್ಯಾರೇ ಕಾರಣ. ಎಂಟು ಅಂದಿದ್ರ, ನೀವು ಆ ಕೈ ಹಿಡ್ಕೊಂಡು, ಬಸ್ ಹತ್ತಿ, ಆ ಗದ್ದಲದಾಗ ಇಲ್ಲಿತನಕಾ ಬರ್ತಿದ್ರಿ. ನಂಗೊತ್ತಿತ್ತು."

"ಆಟೋದಲ್ಲಿ ಬಂದೆ."

"ಆಟೋ ಇನ್ನೂ ಕೆಟ್ಟ."

"ಹೌದು," ಅವಳು ಒಪ್ಪಿಕೊಂಡಳು. "ಎಂಟೂವರೆ ಆಗಿದೆ ಈಗ."

"ಕೇಳಿಸ್ತು," ಎಂದ ಅವನು, ಕಣ್ಣು ಮುಚ್ಚಿ.

ಅವನೇ ಮತ್ತೆ ಮಾತಾಡಿದ. "ಇನ್ನೊಂದು ಐತಿ. ಬಿದ್ದಲ್ಲೇ ಬಿದ್ದಿರಾವ, ನಾಳೆ ನೌಕ್ರಿ ಇರ್ತೈತೋ ಇಲ್ಲೋ ಗೊತ್ತಿಲ್ದಾವ... ಇಂಥಾವನ್ನ ನೋಡಿದ ಮ್ಯಾಲ, ಬೆಳಿಗ್ಗೆ ಆರೂವರೆಗೆ ನೀವು ನಕ್ಕೋತ ಫೋನ್ ಎತ್ತಾಂಗಿಲ್ಲ ಅನಿಸ್ತು. ಮೂರು ಅಂದ್ರ ಆ ನಗು ಉಳೀತೈತಿ. ಅದರ ಆಸೆಗೆ ಸುಳ್ಳು ಹೇಳಿದೆ."

ತೇಜಶ್ರೀಯ ಕಣ್ಣಿಂದ ನೀರು ಜಾರಿ ನೆಲಕ್ಕೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ನಾನು ಏನಂದ್ಕೊಂಡಿದ್ದೆ ಗೊತ್ತಾ? ದಿನಾ ಮೂರು ಇರೋ ಮನುಷ್ಯನಿಗೆ ಏಳು ಇರೋಳು ಯಾಕೆ ಬೇಕು ಅಂತ. ನಿಮ್ಮ ಪಕ್ಕ ಇರೋಕೆ ನಾನು ಇನ್ನೂ ಸ್ವಲ್ಪ ವಾಸಿಯಾಗ್ಬೇಕು ಅಂತ... ವಾಸಿಯಾಗೋಕೆ ನೋಡ್ತಿದ್ದೆ ಕಣ್ರೀ! ಇದು ವಾಸಿಯಾಗಲ್ಲ ಅಂತ ಗೊತ್ತಿದ್ದೂ!"

"ಅಯ್ಯ ದೇವ್ರ..." ಎಂದ ಅವನು. "ನಾ ಏನ್ ಮಾಡಿಬಿಟ್ಟೆ!"

"ಈ ಹದಿನೇಳು ದಿನದಲ್ಲಿ ಒಂದು ಗೊತ್ತಾಯ್ತು. ನಿಮ್ಮ ಒಂಬತ್ತು ನಂಗೆ ಬೇಕು. ನಿಮ್ಮ ಆರು, ಏಳು, ಎಲ್ಲಾನೂ. ಬೇರೆಯವರಿಗೆ ಕೊಟ್ರೆ ಹೊಟ್ಟೆ ಉರಿಯುತ್ತೆ. ಗೋಡೆಗೆ ಕೊಟ್ರೂ ಅಷ್ಟೇ."

"ಗೋಡೆಗೆ ಹೇಳಿದ್ದು ಹೆಂಗ್ ಗೊತ್ತಾತು?!"

"ಹೇಳಿದ್ರಾ?" ಅವಳಿಗೆ ಅಳುವಿನಲ್ಲೇ ನಗು ಬಂತು. "ಸುಮ್ನೆ ಅಂದೆ ನಾನು!"

ಅವನೂ ನಕ್ಕ. ನಕ್ಕದ್ದಕ್ಕೆ ಬೆನ್ನು ಹಿಂಡಿತು. "ಅವ್ವಾ!" ಎಂದು ಗಟ್ಟಿಯಾಗಿ ನರಳಿದ. ಐದು ವರ್ಷದಲ್ಲಿ ಇನ್ನೊಬ್ಬರ ಎದುರು ಅವನು ಹಾಗೆ ನರಳಿದ್ದು ಅದೇ ಮೊದಲು.

ತೇಜಶ್ರೀ ‘ಪಾಪ’ ಎನ್ನಲಿಲ್ಲ. ಅವನ ಕಡೆ ಹೊರಳಿ, ಹಣೆಯ ಮೇಲಿನ ಬೆವರನ್ನು ಬಲಗೈಯಿಂದ ಒರೆಸಿದಳು. ಆ ಅಂಗೈಯನ್ನು ಅಲ್ಲಿಯೇ ಬಿಟ್ಟಳು. ವಿರೂಪಾಕ್ಷ ಅದನ್ನು ಎರಡೂ ಕೈಗಳಿಂದ ಮುಚ್ಚಿ ಹಿಡಿದುಕೊಂಡ.

"ನನ್ನ ಮದ್ವಿ ಆಗ್ತೀರೇನು?" ಎಂದು ಕೇಳಿದ. ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅವಳು ಅಷ್ಟು ಹತ್ತಿರ ಇರದಿದ್ದರೆ ಕೇಳುತ್ತಿರಲಿಲ್ಲ. "ನಾಳೆ ಕೇಳೂಣು ಅಂದ್ರ, ನಾಳೆ ಎದ್ದು ನಿಂತಿರ್ತೀನಿ. ಎದ್ದು ನಿಂತ್ರ ಮತ್ತ ಧೈರ್ಯ ಬರಾಂಗಿಲ್ಲ."

"ಬ್ಯಾಂಕಲ್ಲಿ ಕೂತು ಮಾಡೋ ಕೆಲ್ಸ ಕೊಡಿ ಅಂತ ಕೇಳ್ತೀರಾ? ನಿಜವಾದ ನಂಬರ್ ಹೇಳಿ?"

"ಕೇಳ್ತೀನಿ."

"ಕೊಡ್ದಿದ್ರೆ?"

"ಬ್ಯಾರೇ ಕಡೆ ಕೇಳ್ತೀನಿ. ಅಲ್ಲೂ ಖರೇನ ಹೇಳ್ತೀನಿ."

"ಹಾಗಾದ್ರೆ ಆಗ್ತೀನಿ," ಎಂದಳು ತೇಜಶ್ರೀ.

ಬಾಗಿಲು ಕಿರ್ರೆಂದಿತು. ಆಂಜನಮ್ಮ ಎರಡು ಲೋಟ ಕಾಫಿ ಹಿಡಿದು ನಿಂತಿದ್ದರು. ನೆಲದ ಮೇಲೆ ಸಾಲಾಗಿ ಮಲಗಿದ್ದವರನ್ನು ನೋಡಿ ಕಣ್ಣರಳಿಸಿದರು.

"ಅಯ್ಯೋ ಶಿವನೇ! ಎತ್ತೋಕೆ ಬಂದೋಳೂ ಬಿದ್ದೋದ್ಲಾ?"

"ಇಲ್ಲ ಅಜ್ಜಿ! ಸುಮ್ನೆ... ಮಲಗಿದ್ದೀವಿ."

"ಏನು ಕಾಲ ಬಂತಪ್ಪಾ..." ಎನ್ನುತ್ತಾ ಅಜ್ಜಿ ಲೋಟಗಳನ್ನು ಅವರ ಕೈಗೆಟುಕುವ ಹಾಗೆ ನೆಲದ ಮೇಲೇ ಇಟ್ಟು, ಬಾಗಿಲು ಮುಂದಕ್ಕೆಳೆದುಕೊಂಡು ಹೋದರು. ಮೆಟ್ಟಿಲಿಳಿಯುತ್ತಾ ಅವರು ನಗುವುದು ಕೇಳಿಸಿತು.

ಕಿಟಕಿಯಿಂದ ಬಂದ ಬಿಸಿಲು ನಿಧಾನವಾಗಿ ಅವರ ಪಾದದವರೆಗೆ ಬಂದಿತ್ತು. ತೇಜಶ್ರೀ ಕಾಫಿಯ ಲೋಟದ ಕಡೆ ನೋಡಿದಳು. ತನ್ನ ಬಲಗೈ ನೋಡಿದಳು. ಅದು ಅವನ ಕೈಯೊಳಗಿತ್ತು. ಎಡಗೈಯನ್ನು ನೆಲಕ್ಕೆ ಊರುವಂತಿರಲಿಲ್ಲ.

"ರೀ..."

"ಹ್ಞೂಂ?"

"ನಂಗೂ ಏಳೋಕೆ ಬರಲ್ಲ. ಈಗ ಏನ್ ಮಾಡೋದು?"

ವಿರೂಪಾಕ್ಷ ಸೂರು ನೋಡುತ್ತಾ ಸ್ವಲ್ಪ ಯೋಚಿಸಿದ.

"ನಿಮಗೇನರ ಗಡಿಬಿಡಿ ಐತೇನು?"

"ಇಲ್ಲಪ್ಪಾ," ಎಂದಳು ಅವಳು, ತಲೆಯನ್ನು ಅವನ ಭುಜದ ಹತ್ತಿರಕ್ಕೆ ಸರಿಸಿಕೊಳ್ಳುತ್ತಾ. "ಒಂಚೂರೂ ಇಲ್ಲ."